ಸ್ವಚ್ಛವಾಗಿದ್ದ ಪುಟಗಳು

ಆ ಪುಸ್ತಕಗಳನ್ನು ಯಾರೂ ಬಳಸುತ್ತಿಲ್ಲವೆಂದು ಓನರ್‌ಗೆ ಅನ್ನಿಸುವಂತೆ ಬರೆದುಕೊಟ್ಟವಳು ನಾನು. ಬಳಸುತ್ತಿದ್ದರು. ಯಾರು, ಹೇಗೆ ಎಂಬುದೂ ನನಗೆ ಗೊತ್ತಿತ್ತು — ಗೊತ್ತಿದ್ದೇ ಬರೆದೆ. ಏಳು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಅವು ವಾಹನ ರಿಪೇರಿಯ ಕೈಪಿಡಿಗಳು. ಕೆ.ಆರ್. ಪುರದ ಒಂದು ಸರ್ವಿಸ್ ಸೆಂಟರಿನಲ್ಲಿ, ಷೆಡ್ಡಿನ ಹಿಂಗೋಡೆಯ ಕಬ್ಬಿಣದ ಕಪಾಟಿನಲ್ಲಿ, ಒಂದೊಂದು ಮಾಡೆಲ್ಲಿಗೆ ಒಂದೊಂದರಂತೆ ಸಾಲಾಗಿ ಇರುತ್ತಿದ್ದವು. ಪ್ರತಿಯೊಂದರ ರಟ್ಟಿನ ಮೇಲೂ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಸ್ಪ್ಯಾನರುಗಳ ಪಕ್ಕದಲ್ಲಿ ಅವನ್ನೂ ಇಟ್ಟು ಪೂಜಿಸುತ್ತಿದ್ದರು. ಹಾಗೆ ಮಾಡಿಸುತ್ತಿದ್ದವರು ಹಿರಿಯ ಮೆಕ್ಯಾನಿಕ್ ಮುನಿಯಪ್ಪಣ್ಣ. ಎಲ್ಲರ ಬಾಯಲ್ಲಿ ಮೇಸ್ತ್ರಿ.

ಅವರದೊಂದು ಕಟ್ಟುನಿಟ್ಟಿತ್ತು. ಪುಸ್ತಕ ತೆಗೆಯುವ ಮೊದಲು ಸೀಮೆಎಣ್ಣೆಯಲ್ಲಿ ಕೈ ಉಜ್ಜಬೇಕು, ಮರದ ಹೊಟ್ಟು ಹಾಕಿ ತಿಕ್ಕಬೇಕು, ಆಮೇಲೆ ಸೋಪು. ಒರೆಸಿದ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡೇ ಪುಸ್ತಕ ಮುಟ್ಟುವುದು.

"ಏನ್ ಮೇಸ್ತ್ರಿ, ಮಡಿ ಆಯ್ತಾ? ಮಂಗಳಾರತಿ ಎಷ್ಟೊತ್ತಿಗೆ?" ಎಂದು ಯಾರಾದರೂ ಕಿಚಾಯಿಸುತ್ತಿದ್ದರು.

"ಪ್ರಸಾದ ಬೇಕಂದ್ರೆ ನೀನೂ ಕೈ ತೊಳ್ಕೊಂಡ್ ಬಾರೋ. ಗ್ರೀಸ್ ಕೈ ಇಟ್ರೆ ನಾಳೆ ಅಲ್ಲಿರೋ ನಂಬರ್ ನಿಮ್ಮಪ್ಪ ಬಂದು ಓದ್ತಾನಾ?"

ಇಂಗ್ಲಿಷ್ ಅವರಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟು ಬರುತ್ತಿತ್ತು. ಒಮ್ಮೆ ಕಷ್ಟಪಟ್ಟು ಓದಿದ ಪುಟದಲ್ಲಿ ಬಸ್ ಟಿಕೆಟ್ ಇಡುತ್ತಿದ್ದರು. ಟಿಕೆಟ್ಟಿನ ಹಿಂದೆ ಪುಟದ ಸಂಖ್ಯೆ, ಕನ್ನಡದಲ್ಲಿ ಒಂದೆರಡು ಪದ, ಬೇಕಾದ ಅಳತೆ. ಮುಂದಿನ ಸಲ ಪುಟ ಹುಡುಕಬೇಕಿಲ್ಲ, ಪುನಃ ಓದಬೇಕಿಲ್ಲ. ಮಿಕ್ಕವರೂ ಆ ಟಿಕೆಟ್ಟುಗಳನ್ನೇ ನೋಡಿಕೊಂಡು ಕೆಲಸ ಮಾಡುತ್ತಿದ್ದರು.

ನಾನು ಬಿಎಸ್ಸಿ ಮುಗಿಸಿ ಹಲಸೂರಿನಿಂದ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಾಡಿಗಳ ಕೆಲಸದ ವಿವರ ಬರೆದ ಜಾಬ್ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದಷ್ಟೇ ನನ್ನ ಪಾಲು. ಮಾತು ಕಡಿಮೆಯವಳು, ಆ ಷೆಡ್ಡಿನಲ್ಲಿ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅದು ನನ್ನನ್ನು ಎಷ್ಟು ಕೊರೆಯುತ್ತಿತ್ತು ಎಂದರೆ — ಬೇಡ. ಅದು ಕಾರಣವಿರಬಹುದು, ಸಮರ್ಥನೆಯಲ್ಲ.

ಆ ವರ್ಷ ಕಂಪನಿಯಿಂದ ಪತ್ರ ಬಂತು. ಇನ್ನು ಮುಂದೆ ಕೈಪಿಡಿಗಳು ಸಿಡಿಯಲ್ಲೂ ಸಿಗುತ್ತವೆ, ಯಾವುದು ಬೇಕೆಂದು ತಿಳಿಸಿ ಎಂದು. ಓನರ್ ನನ್ನನ್ನು ಕರೆದರು. "ನೀವು ಓದಿದೋರು. ಒಂದು ವಾರ ನೋಡಿ, ಬರೆದುಕೊಡಿ. ಹಳೇ ಬುಕ್ಸ್ ಇಟ್ಕೊಂಡೇ ಸಿಡಿ ತರಿಸೋದಾ, ಇಲ್ಲ ಸಿಡಿ ಒಂದೇ ಸಾಕಾ?"

ಉತ್ತರ ನನಗೆ ಅಲ್ಲೇ ಗೊತ್ತಿತ್ತು. ಎರಡೂ ಬೇಕಿತ್ತು. ಸಿಡಿಯಲ್ಲಿ ಹೊಸ ತಿದ್ದುಪಡಿಗಳಿದ್ದವು, ಹುಡುಕುವುದು ಸುಲಭ. ಪುಸ್ತಕ ಬಾನೆಟ್ಟಿನ ಪಕ್ಕಕ್ಕೆ ಬರುತ್ತಿತ್ತು, ಕರೆಂಟು ಕೇಳುತ್ತಿರಲಿಲ್ಲ. ಆದರೆ ಕಪಾಟು ಖಾಲಿಯಾದರೆ ಎಲ್ಲರೂ ಕಂಪ್ಯೂಟರಿದ್ದ ನನ್ನ ಗಾಜಿನ ಕೋಣೆಗೇ ಬರಬೇಕು, ನನ್ನನ್ನೇ ಕೇಳಬೇಕು — ಈ ಯೋಚನೆ ಒಮ್ಮೆ ಒಳಗೆ ಬಂದದ್ದು ಹೊರಗೆ ಹೋಗಲಿಲ್ಲ.

ನಾನು ಬರೆದದ್ದು ಇಷ್ಟು: "ಪುಸ್ತಕಗಳ ಪುಟಗಳು ಸ್ವಚ್ಛವಾಗಿವೆ. ಬಳಸಿದ ಗುರುತುಗಳು ಕಾಣುವುದಿಲ್ಲ." ಒಂದೇ ಒಂದು ಸುಳ್ಳು ಪದವಿಲ್ಲದ ಸುಳ್ಳು. ಎರಡನೆಯ ವಾಕ್ಯ ನಿಜವಾಗಿರಲೆಂದು, ಓನರ್ ನೋಡಲು ಬರುವ ಮೊದಲು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಟಿಕೆಟ್ಟುಗಳನ್ನೆಲ್ಲ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಓನರ್ ಎರಡು ಪುಸ್ತಕ ತಿರುವಿ ನೋಡಿದರು. "ಹೊಸದರ ಹಾಗೇ ಇವೆಯಲ್ರೀ" ಎಂದರು. ಆ ಶನಿವಾರವೇ, ಮೇಸ್ತ್ರಿ ರಜೆಯಲ್ಲಿದ್ದಾಗ, ಪುಸ್ತಕಗಳು ಕುಂಕುಮದ ಬೊಟ್ಟಿನ ಸಮೇತ ರದ್ದಿಗೆ ಹೋದವು.

ಸೋಮವಾರ ಅವರು ಖಾಲಿ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ನನ್ನ ಬಾಗಿಲಿಗೆ ಬಂದು ಎರಡೂ ಅಂಗೈ ತೋರಿಸಿದರು.

"ಅಮ್ಮಣ್ಣಿ, ಕೈ ತೊಳ್ಕೊಂಡೇ ಬಂದಿದೀನಿ. ಕಂಪ್ಯೂಟರಲ್ಲಿ ಅದು ಹೆಂಗೆ ತೆಗೆಯೋದು ಅಂತ ಒಂದ್ಸಲ ತೋರಿಸ್ಕೊಡಿ. ಆಮೇಲೆ ನಾನೇ ನೋಡ್ಕೋತೀನಿ."

"ಪ್ರಿಂಟ್ ಕೊಡ್ತೀನಿ. ಅಲ್ಲೇ ನಿಂತಿರಿ."

ಈ ಮಾತು ಆಡಿದವಳು ನಾನು. ಹೊಸ್ತಿಲಾಚೆ ಅವರು ಅಂಗೈಗಳನ್ನು ನಿಧಾನವಾಗಿ ಕೆಳಗಿಳಿಸಿದ್ದನ್ನು ನೋಡಿದವಳೂ ನಾನೇ. ಆಮೇಲೆ ಅವರು ಬರುವುದು ಕಡಿಮೆಯಾಯಿತು.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಕಂಪ್ಯೂಟರ್ ಆರಿತು. ಒಂದು ವ್ಯಾನಿನ ಎಂಜಿನ್ ಬಿಚ್ಚಿಟ್ಟಿದ್ದರು. ಅದರ ಮಾಲೀಕ ಎದುರಿಗೇ ಕುಳಿತು ಅವಸರ ಮಾಡುತ್ತಿದ್ದ. ಮೇಸ್ತ್ರಿ ಬೋಲ್ಟ್‌ಗಳನ್ನು ನೆನಪಿನ ಮೇಲೆ ಬಿಗಿದರು. ಅವರ ನೆನಪಿನಲ್ಲಿದ್ದದ್ದು ಹಳೆಯ ಮಾಡೆಲ್ಲಿನ ಅಳತೆ. ಹೊಸದಕ್ಕೆ ಅಷ್ಟು ಬಿಗಿ ಸಲ್ಲದು. ಒಂದು ಬೋಲ್ಟ್ ಒಳಗೇ ತುಂಡಾಯಿತು.

ಓನರ್ ಎಲ್ಲರೆದುರು ಕೇಳಿದರು: "ಪುಸ್ತಕ ಇದ್ದಾಗ್ಲೂ ನೋಡ್ಲಿಲ್ಲ, ಕಂಪ್ಯೂಟರ್ ತಂದ್ರೂ ಕೇಳಲ್ಲ. ಇಷ್ಟು ವರ್ಷ ಅಂದಾಜಲ್ಲೇ ಕೆಲಸ ಮಾಡಿದ್ರೇನ್ರೀ?"

ಓನರ್‌ಗೆ ಎದುರಾಡುವ ಧೈರ್ಯ ಮಿಕ್ಕವರಿಗಿರಲಿಲ್ಲ. ಮೇಸ್ತ್ರಿ ಒಮ್ಮೆ ನನ್ನ ಕಡೆ ನೋಡಿದರು. ಅವರು ಕೈ ತೊಳೆಯುವುದನ್ನು ದಿನವೂ ಗಾಜಿನೊಳಗಿಂದ ಕಂಡವಳು ನಾನು, ಹೇಳಬಹುದೆಂದು ಕಾದಿರಬೇಕು. ನಾನು ಜಾಬ್ ಕಾರ್ಡು ನೋಡುತ್ತಾ ಕುಳಿತೆ. "ತಪ್ಪಾಯ್ತು ಸಾರ್" ಎಂದರು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ನನ್ನ ಕೆಲಸ ಕಾಯಂ ಆಯಿತು.

ಬೋಲ್ಟ್ ತುಂಡಾದ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಚೀಲ ತೆರೆದು ಟಿಕೆಟ್ಟುಗಳನ್ನು ಒಂದೊಂದಾಗಿ ನೋಡಿದ್ದೆ. ಆ ಹೊಸ ಮಾಡೆಲ್ಲಿನ ಅಳತೆ ಅವುಗಳಲ್ಲೊಂದರಲ್ಲಿತ್ತು. ಕೆಳಗೆ ಗೆರೆ ಎಳೆದು ಬರೆದಿದ್ದರು: "ಜೋಪಾನ. ಹಳೇದಕ್ಕಿಂತ ಕಮ್ಮಿ."

ಅವನ್ನು ಎಸೆಯಲಾಗಲಿಲ್ಲ, ಒಂದು ಲಕೋಟೆಗೆ ಹಾಕಿಟ್ಟೆ. ಆಮೇಲೆ ನಾನೂ ಆ ಕೆಲಸ ಬಿಟ್ಟೆ, ಬೇರೆ ಕಡೆ ಸೇರಿದೆ. ಲಕೋಟೆ ಮಾತ್ರ ನನ್ನ ಜೊತೆಗೇ ಬಂತು. ಹೋದ ವಾರ ಹಲಸೂರು ಮಾರ್ಕೆಟ್ಟಿನಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು, ಮೇಸ್ತ್ರಿ ಮಹದೇವಪುರದಲ್ಲಿ ತಮ್ಮ ಮನೆ ಮುಂದೆಯೇ ಗ್ಯಾರೇಜು ಹಾಕಿದ್ದಾರೆ ಎಂದರು. ಭಾನುವಾರ ಹೋದೆ.

ಗುರುತು ಹಿಡಿದರು. ನಿಂತೇ ಎಲ್ಲವನ್ನೂ ಹೇಳಿದೆ, ಬರೆದದ್ದು, ತೆಗೆದದ್ದು, ಸುಮ್ಮನಿದ್ದದ್ದು. ಲಕೋಟೆ ಚಾಚಿದೆ. ಅವರು ತಮ್ಮ ಕೈ ನೋಡಿಕೊಂಡರು.

"ಇರಮ್ಮಣ್ಣಿ. ಕೈ ತೊಳ್ಕೊಂಡ್ ಬರ್ತೀನಿ."

ಬಂದು, ಟಿಕೆಟ್ಟುಗಳನ್ನು ಸ್ಟೂಲಿನ ಮೇಲೆ ಹರಡಿ ಓದಿದರು. ಕೆಲವನ್ನು ಪಕ್ಕಕ್ಕೆ ಸರಿಸಿ, "ಈ ಗಾಡಿಗಳೇ ಈಗಿಲ್ಲ" ಎಂದರು. ಕೆಲವನ್ನು ಜೇಬಿಗೆ ಹಾಕಿಕೊಂಡರು. ಗೋಡೆಯ ಬಳಿ ಒಂದು ಕಂಪ್ಯೂಟರ್ ಇತ್ತು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಪುಟಗಳ ಫೈಲು. "ಮಗಳು ಹೇಳ್ಕೊಟ್ಳು. ಒಂದಿನದ ಕೆಲಸ ಅಷ್ಟೇ. ಈಗ ನಾನೇ ತೆಗೀತೀನಿ, ಬೇಕಾದ್ದನ್ನ ಪ್ರಿಂಟೂ ಹಾಕ್ಕೋತೀನಿ."

ಒಂದು ದಿನದ ಕೆಲಸ. ನಾನು ಕೊಡದ ಒಂದು ದಿನ.

ಕ್ಷಮಿಸಿ ಎಂದೆ. ಅವರು ಮಿಕ್ಕ ಟಿಕೆಟ್ಟುಗಳನ್ನು ಲಕೋಟೆಗೆ ಹಾಕುತ್ತಾ ಕೇಳಿದರು: "ಓನರ್‌ಗೆ ಹೇಳಿದ್ರಾ?"

"ಇಲ್ಲ."

"ನಂಗೆ ಗೊತ್ತಾಗಿ ಏನಾಗ್ಬೇಕು? ನಾನು ನೋಡ್ತಿದ್ದೆ ಅನ್ನೋದು ನಂಗೆ ಗೊತ್ತೇ ಇತ್ತಲ್ಲ. ಅವತ್ತು ಯಾರ ಮುಂದೆ ಅಂದಾಜು ಮೇಸ್ತ್ರಿ ಆದ್ನೋ, ಅವರ ಮುಂದೆ ಹೇಳಿ. ಆಮೇಲೆ ಬನ್ನಿ, ಕಾಫಿ ಕುಡಿಯೋಣ."

ಆಮೇಲೆ ಬನ್ನಿ ಎಂದರು. ಅಷ್ಟು ಸಾಕು ನನಗೆ, ಹೊರಡಲು.

ಆ ಸರ್ವಿಸ್ ಸೆಂಟರಿಗೆ ಓನರ್ ಈಗಲೂ ಅವರೇ, ಆ ದಿನ ಷೆಡ್ಡಿನಲ್ಲಿದ್ದವರಲ್ಲಿ ಹೆಚ್ಚಿನವರೂ ಇದ್ದಾರಂತೆ. ನಾಳೆ ಬೆಳಿಗ್ಗೆ, ಕೆಲಸ ಹಂಚಲು ಎಲ್ಲರೂ ಕೂಡುವ ಹೊತ್ತಿಗೆ ಹೋಗುತ್ತೇನೆ. ಫೋನು ಮಾಡಿ ಅನುಮತಿ ಕೇಳಿಯಾಗಿದೆ, ವಿಷಯ ಹೇಳಿಲ್ಲ. ಓದಲು ಒಂದು ಹಾಳೆ ಬರೆದಿಟ್ಟುಕೊಂಡಿದ್ದೇನೆ. ಅದರ ಮೊದಲ ವಾಕ್ಯ ನನ್ನ ಹಳೆಯ ವಾಕ್ಯವೇ, ಅಂದು ಅರ್ಧಕ್ಕೆ ನಿಲ್ಲಿಸಿದ್ದು: ಪುಸ್ತಕಗಳ ಪುಟಗಳು ಸ್ವಚ್ಛವಾಗಿದ್ದವು, ಏಕೆಂದರೆ ಮುನಿಯಪ್ಪನವರು ಪ್ರತಿ ಸಲವೂ ಕೈ ತೊಳೆದುಕೊಂಡು ಅವನ್ನು ತೆರೆಯುತ್ತಿದ್ದರು.