ಬೇಗ ಮುಗಿದ ಹಾಡು

ನನ್ನ ತಲೆಯ ಎಂಆರ್‌ಐ ಆಗಬೇಕು ಎಂದಾಗಿನಿಂದ ನಮ್ಮ ಯಜಮಾನರು ತಮಾಷೆ ಮಾಡುವುದನ್ನೇ ಬಿಟ್ಟಿದ್ದರು. ಅವರು ಡಾಕ್ಟರು. ಡಾಕ್ಟರ ಮನೆಯಲ್ಲಿ ಕಾಯಿಲೆಯ ಭಯ ಕಡಿಮೆ ಎನ್ನುವವರು ಲಂಡನ್ನಿನ ಕ್ರೋಯ್ಡನ್‌ನ ನಮ್ಮ ಫ್ಲ್ಯಾಟಿಗೆ ಬಂದು ಒಂದು ದಿನ ಇದ್ದು ನೋಡಲಿ. ನನ್ನ ಬಲಗೈ ಆಗಾಗ ಜೋಮು ಹಿಡಿದು, ಹಿಡಿದ ಲೋಟ ಕೆಳಗೆ ಬೀಳುತ್ತಿತ್ತು. ತಲೆಯಲ್ಲಿ ಗಡ್ಡೆ ಇದೆಯೋ ಇಲ್ಲವೋ ನೋಡಬೇಕಿತ್ತು. ಆ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ.

ಇಕ್ಕಟ್ಟಿನ ಜಾಗವೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಲಿಫ್ಟ್ ಕೂಡ ಹತ್ತುವವಳಲ್ಲ. ಸ್ಕ್ಯಾನ್ ಮಾಡುವಾಗ ಹೆಡ್‌ಫೋನಿನಲ್ಲಿ ಬೇಕಾದ ಹಾಡು ಹಾಕುತ್ತಾರೆಂದು ಮಗನೇ ಉಪಾಯ ಹೇಳಿದ. ಅವನು ದಿನಾ ಗಿಟಾರಿನಲ್ಲಿ ಬಾರಿಸಿ ನನ್ನ ತಲೆ ತಿನ್ನುವ ಬ್ಲೂಸ್ ಹಾಡೊಂದಿದೆ. ಮೂಲದಲ್ಲಿ ಅದು ಮೂರೇ ನಿಮಿಷದ್ದು: ಒಬ್ಬ ಮುದುಕ, ಒಂದು ಗಿಟಾರು, ಬಿಟ್ಟುಹೋದವಳಿಗಾಗಿ ಗೋಳು. ಆಮೇಲೆ ಅಮೆರಿಕದ ದಕ್ಷಿಣದ ಉದ್ದ ಕೂದಲಿನ ಹುಡುಗರು, ಸದರ್ನ್ ರಾಕ್‌ನವರು, ಅದನ್ನೇ ಎಳೆದೆಳೆದು ಇಪ್ಪತ್ತು ನಿಮಿಷ ಮಾಡಿದರು. ಮೊದಲು ಹಾಡು, ನಡುವೆ ಎರಡು ಗಿಟಾರುಗಳ ವಾಗ್ವಾದ, ಕೊನೆಗೆ ಮತ್ತೆ ಒಂದು ಚರಣ. ಸ್ಕ್ಯಾನಿಗೂ ಇಪ್ಪತ್ತೇ ನಿಮಿಷ, ಈ ಉದ್ದದ್ದನ್ನೇ ಕೇಳು ಎಂಬುದು ಮಗನ ಲೆಕ್ಕ.

"ಅಮ್ಮ, ವೆನ್ ದಿ ಸಾಂಗ್ ಎಂಡ್ಸ್, ಯು ಆರ್ ಔಟ್," ಅಂದಿದ್ದ.

ನಾನೋ, ಆಸ್ಪತ್ರೆಯಲ್ಲಿ ಹಾಡಿನ ಹೆಸರಷ್ಟೇ ಹೇಳಿ, ಯಾರು ಹಾಡಿದ್ದು ಬೇಕೆಂದು ಹೇಳಲು ಮರೆತೆ. ಕೊಳವೆಯೊಳಗೆ ತಲೆ ಸರಿದಾಗ ದನಿ ಯಾರದೆಂದು ಗುರುತಿಸುವ ಸ್ಥಿತಿಯಲ್ಲಿರಲಿಲ್ಲ. ಇನ್ನೇನು ಗಿಟಾರುಗಳು ಬರುತ್ತವೆ ಎಂದು ಕಾದೆ. ಬರಲಿಲ್ಲ. ಹಾಡು ಮುಗಿದೇ ಹೋಯಿತು. ಯಂತ್ರದ ಗಡಗಡ ಸದ್ದೂ ಅದೇ ಹೊತ್ತಿಗೆ ನಿಂತಿತು. ಏನೋ ಕಂಡಿದೆ, ಅದಕ್ಕೇ ಅರ್ಧಕ್ಕೆ ನಿಲ್ಲಿಸಿದ್ದಾರೆ! ತೊಂದರೆಯಾದರೆ ಒತ್ತಿ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡನ್ನು ಹಿಸುಕುತ್ತಲೇ ಹೋದೆ.

"ಏನೂ ಆಗಿಲ್ಲ, ಯಂತ್ರ ನಡುನಡುವೆ ಹೀಗೆ ನಿಲ್ಲುತ್ತದೆ. ಹಾಡಷ್ಟೇ ಮುಗಿದಿದ್ದು," ಎಂದು ಯಂತ್ರ ನಡೆಸುವವನು ಹೆಡ್‌ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ. "ಮೂಲದ್ದೇ ಹಾಕಿದೆ, ಅದೇ ಚೆಂದ ಅಲ್ಲವೇ? ಮತ್ತೆ ಹಾಕಲೇ?"

ಅವನ ರಸಿಕತೆಗಿಷ್ಟು ಬೆಂಕಿ ಹಾಕ! ಮತ್ತೆ ಮತ್ತೆ ಅದನ್ನೇ ಹಾಕಿದ. ಮುಗಿದಾಗಲೆಲ್ಲ ನನಗೆ ಜೀವ ಹೋಗಿ ಬಂದಂತಾಗುತ್ತಿತ್ತು.

ಸ್ಕ್ಯಾನಿನಲ್ಲಿ ಏನು ಕಂಡಿತೆಂದು ಆಸ್ಪತ್ರೆಯಿಂದ ಇನ್ನೂ ಫೋನ್ ಬಂದಿಲ್ಲ. ನಿನ್ನೆ ಮಧ್ಯಾಹ್ನ ಮಗ ತನ್ನ ಕೋಣೆಯಲ್ಲಿ ಆ ಉದ್ದದ ಹಾಡನ್ನು ಬಾರಿಸುತ್ತ ಹಾಡುತ್ತಿದ್ದ. ಬಾಗಿಲಲ್ಲಿ ನಿಂತೆ. ಕೊನೆಯ ಚರಣ ಎಲ್ಲಿ ಬರಬೇಕೆಂದು ನನಗೂ ಈಗ ಬಾಯಿಪಾಠ. ಅಲ್ಲಿಗೆ ಬಂದವನು ಹಾಡದೆ ಮತ್ತೆ ಗಿಟಾರಿಗೇ ಹೊರಳಿದ. ಇನ್ನೊಮ್ಮೆ ಬಂದ, ಇನ್ನೊಮ್ಮೆ ಹೊರಳಿದ.

"ಯಾಕೋ, ಮುಗಸಂಗಿಲ್ಲೇನು?" ಎಂದು ಕೇಳಿದೆ.

"ನಾಟ್ ಯೆಟ್, ಅಮ್ಮ." ನನ್ನ ಕಡೆ ತಿರುಗಲಿಲ್ಲ. ದನಿ ಒಡೆದಿತ್ತು.

ಹೆದರಿದ್ದು ನಾನು, ಯಜಮಾನರು ಇಬ್ಬರೇ ಎಂದುಕೊಂಡಿದ್ದೆ.

"ಬ್ಯಾಡ ಬಿಡು, ಮುಗಸಬ್ಯಾಡ," ಅಂದೆ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮಂಚದ ಮೇಲೆ ಕೂತೆ.