ಹಳದಿ ವೈರು ಸಿಕ್ಕಿಸಿದ ಮೇಲೆ

ಕಳೆದ ಭಾನುವಾರ ಮಧ್ಯಾಹ್ನ ನಾನು ಇಳಕಲ್ಲಿನ ಸೋದರಮಾವನ ಮನೆಯಲ್ಲಿ, ಹಳೆಯ ಟಿ.ವಿ.ಯ ಹಿಂದೆ ವೈರು ಹಿಡಿದು ನಿಂತಿದ್ದೆ. ವಿಸಿಆರ್‌ನಲ್ಲಿ ಮಾವನ ಮದುವೆಯ ಕ್ಯಾಸೆಟ್ ಓಡುತ್ತಿತ್ತು. ಚಿತ್ರವಿಲ್ಲ, ದನಿ ಮಾತ್ರ. ಒಡಪಿನ ಪ್ರಾಸದ ಸಾಲಲ್ಲಿ ಹೆಣೆದು ಹೆಂಡತಿಯ ಹೆಸರು ಹೇಳೆಂದು ಹೆಂಗಸರು ಮದುಮಗನನ್ನು ಕಾಡುತ್ತಿದ್ದರು. ಅಂದು ತಡವರಿಸದೆ ಹೇಳಿದೆನೆಂದು ಮಾವ ಇಂದಿಗೂ ಜಂಬ ಕೊಚ್ಚುತ್ತಾರೆ. ಅಷ್ಟರಲ್ಲಿ ಟಿ.ವಿ.ಯಿಂದ, ಯಾರೋ ಪಕ್ಕದ ಗೆಳೆಯನನ್ನು ಕೇಳುವ ಪಿಸುಮಾತು ಬಂತು: "ಲೇ ಮಹಬೂಬ, ಆಕಿ ಹೆಸರೇನಲೇ?"

"ಅದು ನಾ ಅಲ್ಲ," ಎಂದರು ಮಾವ.

ನಾನು ಚಿತ್ರ ಬರುವ ಹಳದಿ ವೈರು ಸಿಕ್ಕಿಸಿದೆ. ಬಾಸಿಂಗದ ಕೆಳಗೆ ಮಾವನ ಮುಖವೇ ಮೂಡಿತು.

ಅತ್ತೆ ನಗಲಿಲ್ಲ. "ಅವತ್ತಿಂದು ಹೋಗ್ಲಿ ಬಿಡ್ರಿ. ಈಗರ ಗೊತ್ತೈತೇನು?"

ದಿನವೂ ಹೆಸರು ಹಿಡಿಯದೆ "ಏ ಇಕಿನ" ಎಂದೇ ಅತ್ತೆಯನ್ನು ಕೂಗುವ ಮಾವ ಬೆವರು ಒರೆಸಿಕೊಂಡು, ಮೆಲ್ಲಗೆ, ಆದರೆ ಸರಿಯಾಗಿಯೇ, "ಗಂಗವ್ವ" ಎಂದರು.

ಮಾವನ ದುರದೃಷ್ಟಕ್ಕೆ, ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡ ಪಕ್ಕದ ಮನೆಯ ಮುದುಕಿ ಶಾಂತವ್ವ ಇನ್ನೂ ಗಟ್ಟಿಯಾಗಿದ್ದಾರೆ, ಈ ಸುದ್ದಿ ಹೊತ್ತು ಓಣಿಯ ಮನೆಮನೆಗೂ ನಡೆದು ಹೋಗುವಷ್ಟು.