ಬಸರಿ ಬುಡದ ಬುಧವಾರಗಳು

ತಾರಸಿಯ ಮೇಲಿನ ನಲವತ್ತಮೂರು ಬೋನ್ಸಾಯ್ ಮರಗಳನ್ನು ಮಕ್ಕಳಂತೆ ಸಾಕಿದ್ದೇನೆ ಎಂದು ಕೊಳ್ಳೇಗಾಲದ ಷಡಕ್ಷರಿ ಮೇಷ್ಟ್ರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ತಮ್ಮ ಇಬ್ಬರು ಮಕ್ಕಳನ್ನೂ ಅವರು ಹಾಗೆಯೇ ಸಾಕಿದ್ದು. ಸಂಜೆ ಕಾಫಿ ಲೋಟ ಹಿಡಿದು ಒಂದು ಸುತ್ತು ನೋಡುವುದು, ಎಷ್ಟು ಬೆಳೆದಿವೆ ಎಂದು ಸಂತೋಷಪಡುವುದು, ಎಲ್ಲಾದರೂ ಎಲೆ ಹಳದಿಯಾಗಿದ್ದರೆ ಹೆಂಡತಿಯನ್ನು ಕೂಗುವುದು.

ಹೆಂಡತಿಯ ಹೆಸರು ನಾಗಶ್ರೀ. ವಯಸ್ಸು ಐವತ್ತೇಳು. ಹುಟ್ಟಿದ್ದು ಮುಳ್ಳೂರಿನ ಬೇಸಾಯದ ಮನೆಯಲ್ಲಿ. ಹತ್ತನೇ ವಯಸ್ಸಿಗೇ ಅವ್ವನ ಜೊತೆ ಹೊಲದಲ್ಲಿ ಬಗ್ಗಿ ಸಾಲುಸಾಲು ಹಿಪ್ಪುನೇರಳೆ ಕಡ್ಡಿ ನೆಟ್ಟವರು. ಯಾವ ಕಡ್ಡಿ ಚಿಗುರುತ್ತದೆ, ಯಾವುದು ಸುಮ್ಮನೆ ಹಸಿರಾಗಿ ನಿಂತು ಮೋಸ ಮಾಡುತ್ತದೆ ಎಂಬುದು ಮುಟ್ಟಿದರೆ ಅವರಿಗೆ ಗೊತ್ತಾಗುತ್ತದೆ. ಇದನ್ನು ವಿದ್ಯೆ ಎಂದು ಯಾರೂ ಕರೆದಿರಲಿಲ್ಲವಾದ್ದರಿಂದ ಅವರೂ ಕರೆದುಕೊಂಡಿರಲಿಲ್ಲ.

ಮೇಷ್ಟ್ರು ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ವರ್ಷ ಮೈಸೂರಿನಲ್ಲಿ ಎರಡು ದಿನದ ಬೋನ್ಸಾಯ್ ಶಿಬಿರಕ್ಕೆ ಹೋಗಿಬಂದರು. ಬರುವಾಗ ತಟ್ಟೆಯಂಥ ಹತ್ತು ಕುಂಡಗಳನ್ನೂ ‘ನೆಬಾರಿ’ ಎಂಬ ಜಪಾನಿ ಮಾತನ್ನೂ ತಂದರು. ಮರದ ಬುಡ ನೆಲಕ್ಕೆ ಸೇರುವಲ್ಲಿ ಬೇರುಗಳು ಸುತ್ತಲೂ ಹರಡಿ ಅಗಲವಾಗಿ ಕೂರುತ್ತವಲ್ಲ, ಅದು ನೆಬಾರಿ. ಅದು ಚೆನ್ನಾಗಿದ್ದರೆ ಗೇಣುದ್ದದ ಗಿಡವೂ ನೂರು ವರ್ಷದ ಮರದಂತೆ ಕಾಣುತ್ತದೆ ಎಂದು ಮೇಷ್ಟ್ರು ವಿವರಿಸಿದರು. ವಿವರಿಸಿದ ಮೇಲೆ ಅವರ ಕೆಲಸ ಮುಗಿಯಿತು.

ಅಷ್ಟು ತೆಳ್ಳನೆಯ ಕುಂಡದಲ್ಲಿ ಬೇರು ಕೆಳಕ್ಕೆ ಇಳಿದು ಹೋಗುವುದಾದರೂ ಎಲ್ಲಿಗೆ ಎಂದು ನಾಗಶ್ರೀ ಯೋಚಿಸಿದರು. ಮೊದಲ ದಿನದಿಂದಲೇ ಅದಕ್ಕೆ ಅಡ್ಡ ಹೋಗುವ ಅಭ್ಯಾಸ ಮಾಡಿಸಬೇಕು. ಜೂನ್ ತಿಂಗಳಲ್ಲಿ ಕರೆಂಟಿನವರು ತಂತಿಗೆ ತಗಲುತ್ತದೆಂದು ಹನೂರು ರಸ್ತೆಯ ಬಸರಿ ಮರದ ಕೊಂಬೆಗಳನ್ನು ಕಡಿದು ಹಾಕಿದ್ದರು. ಅದರಲ್ಲಿ ಹೆಬ್ಬೆಟ್ಟಿನ ದಪ್ಪದ ಕಡ್ಡಿಗಳನ್ನು ಆರಿಸಿ ತಂದರು. ತಳವನ್ನು ನೆಟ್ಟಗೆ ಕತ್ತರಿಸಿ, ಸುರಿಯುವ ಹಾಲನ್ನು ತೊಳೆದು, ಒಂದೊಂದು ಕಡ್ಡಿಯ ಅಡಿಗೂ ಮುರಿದ ಹೆಂಚಿನ ಚೂರೊಂದನ್ನು ಇಟ್ಟು ತಂತಿಯಿಂದ ಬಿಗಿದು, ಮರಳು ಗೊಬ್ಬರದಲ್ಲಿ ಹೂತರು. ಕೆಳಗೆ ದಾರಿ ಸಿಗದ ಬೇರುಗಳು ಹೆಂಚಿನ ಮೇಲೆ ಸೀರೆಯ ನೆರಿಗೆ ಹರಡಿದಂತೆ ಸುತ್ತಲೂ ಹರಡಿಕೊಂಡವು. ವರ್ಷಕ್ಕೊಮ್ಮೆ ಕುಂಡ ಬೋರಲು ಹಾಕಿ, ಹಲ್ಲು ಮುರಿದ ಬಾಚಣಿಗೆಯಿಂದ ಬೇರು ಬಾಚಿ, ತಪ್ಪಿಸಿಕೊಂಡು ಕೆಳಗಿಳಿದದ್ದನ್ನು ಕತ್ತರಿಸಿ ಮತ್ತೆ ಕೂರಿಸುತ್ತಿದ್ದರು. ಇದೆಲ್ಲ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಮೇಷ್ಟ್ರು ಮಲಗಿದ್ದ ಹೊತ್ತಿನಲ್ಲಿ ನಡೆಯುತ್ತಿತ್ತು. ಎಂಟು ವರ್ಷ ಹೀಗೆ ನಡೆದು ಷಡಕ್ಷರಿ ಮೇಷ್ಟ್ರು ‘ಬೋನ್ಸಾಯ್ ಷಡಕ್ಷರಿ’ ಆದರು.

ಕಳೆದ ಆಗಸ್ಟಿನಲ್ಲಿ ಕೊಳ್ಳೇಗಾಲದ ಕಲ್ಯಾಣಮಂಟಪವೊಂದರಲ್ಲಿ ಪ್ರದರ್ಶನ ಏರ್ಪಟ್ಟಿತು. ಮೇಷ್ಟ್ರು ರೇಷ್ಮೆ ಪಂಚೆ ಉಟ್ಟು ಮರಗಳ ಪಕ್ಕ ನಿಂತಿದ್ದರು. ನಾಗಶ್ರೀ ಒದ್ದೆ ಬಟ್ಟೆಯಲ್ಲಿ ಎಲೆಯ ಧೂಳು ಒರೆಸುತ್ತಿದ್ದರು. ಹನೂರಿನ ಆಚೆ ಶಾಗ್ಯದಿಂದ ಬಂದಿದ್ದ ಮಹಿಳಾ ಸಂಘದ ಕಾರ್ಯದರ್ಶಿ ರಾಣಿ ಒಂದು ಬಸರಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

“ಸಾ, ಇದ್ರ ಬುಡ ಇಂಗೆ ಅಗಲುಕ್ಕೆ ಬರದು ಹೆಂಗೆ?”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. “ಧ್ಯಾನ. ಸಂಯಮ. ನೆಬಾರಿ ಅನ್ನೋದು ಸಾಧಕನ ಒಳಗಿನಿಂದ ಬರಬೇಕು.”

“ಒಳ್ಗಿಂದ ಅಂದ್ರೆ ಯಾವ ತಿಂಗ್ಳಲ್ಲಿ ಸಾ?”

ಮೇಷ್ಟ್ರು ಕಣ್ಣು ತೆರೆದರು. “ಅದು ಮರಕ್ಕೇ ಗೊತ್ತಾಗುತ್ತೆ ಕಣಮ್ಮ.”

ಯಾರೋ ದೊಡ್ಡವರು ಬಂದರೆಂದು ಅವರು ಅತ್ತ ಹೋದಾಗ ನಾಗಶ್ರೀ ಎಲೆ ಒರೆಸುತ್ತಲೇ ಹೇಳಿದರು: “ಜೂನು, ಇಲ್ದಿದ್ರೆ ಸೆಪ್ಟೆಂಬರು. ಮಳೆ ಹಿಡ್ದಾಗ ಕಡ್ಡಿ ಹಾಕ್ಬೇಕು. ಅಡೀಕೆ ಒಂದ್ ಹೆಂಚಿನ್ ಚೂರು ಮಡಗಿ ಕಟ್ಬೇಕು. ಅಷ್ಟೇ ಗುಟ್ಟು.”

ಹದಿನೈದು ದಿನಕ್ಕೆ ಶಾಗ್ಯದ ಸಂಘದಿಂದ ಕಾಗದ ಬಂತು. ‘ಶ್ರೀಮತಿ ನಾಗಶ್ರೀ ಅವರಿಗೆ’ ಎಂದಿತ್ತು. ಹನ್ನೆರಡು ಬುಧವಾರ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬಂದು ಹೆಂಗಸರಿಗೆ ಕಡ್ಡಿಯಿಂದ ಮರ ಮಾಡುವುದನ್ನು ಕಲಿಸಿಕೊಡಬೇಕು. ನಾಗಶ್ರೀ ಅದನ್ನು ಮೂರು ಸಲ ಓದಿದರು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವರು ಮನೆ ಬಿಟ್ಟು ಹೋಗಿರಲಿಲ್ಲ ಎಂದೇನಿಲ್ಲ. ಬಾಣಂತನಕ್ಕೆ ಹೋಗಿದ್ದರು, ತಿಥಿಗೆ ಹೋಗಿದ್ದರು, ಆಸ್ಪತ್ರೆಯಲ್ಲಿ ಯಾರದೋ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದರು. ಹೋದಲ್ಲೆಲ್ಲ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಮನೆಗೇ ನಡೆದಿದ್ದರು. ಬಂದವರೆಂದು ಕುರ್ಚಿ ಹಾಕುವ ಜಾಗಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಈ ಹನ್ನೆರಡು ಬುಧವಾರಗಳು ಅವರಿಗೆ ಬೇಕಾಗಿದ್ದವು. ಏನಾದರೂ ಇಷ್ಟೊಂದು ಬೇಕು ಎಂದು ತಮಗೆ ಅನ್ನಿಸಿ ಎಷ್ಟು ಕಾಲವಾಯಿತು ಎಂಬುದೇ ನೆನಪಾಗಲಿಲ್ಲ.

ಮೇಷ್ಟ್ರು ಕನ್ನಡಕ ಏರಿಸಿ ಕಾಗದ ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದರು. ‘ಶ್ರೀಮತಿ ನಾಗಶ್ರೀ’ಯನ್ನು ಹೊಡೆದುಹಾಕಿ ಮೇಲೆ ‘ಶ್ರೀ ಷಡಕ್ಷರಿ’ ಎಂದು ಬರೆದರು.

“ಹೆಸರು ತಪ್ಪು ಹಾಕಿದಾರೆ, ಪಾಪ.”

“ನನ್ನನ್ನೇ ಕರ್ದಿರದು ರೀ.”

“ನಿನ್ನ ಕರೆದು ಏನ್ ಮಾಡ್ತಾರೆ? ನೆಬಾರಿ ಅಂದ್ರೇನು ಅಂತ ಕೇಳಿದ್ರೆ ಏನ್ ಹೇಳ್ತೀಯ?”

“ಬುಡ ಅಂತೀನಿ.”

ಒಳಮನೆಯ ಮಂಚದಿಂದ ಅತ್ತೆ ಚನ್ನಮಲ್ಲಮ್ಮ ಕೂಗಿದರು. ಎಂಬತ್ತಾರು ವರ್ಷದ ಅವರಿಗೆ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಿಸಿ ರಾಗಿ ಹಿಟ್ಟು, ಅಂದರೆ ಮುದ್ದೆ, ತಟ್ಟೆಗೆ ಬೀಳಬೇಕು. “ಬುದುವಾರ ನಂಗೆ ಹಿಟ್ಟು ತೊಳ್ಸೋರ್ಯಾರಮ್ಮಿ?”

“ನಿಮ್ ಮಗುನ್ನ ಕೇಳಿ ಅತ್ತೆ.”

ಎತ್ತಿನಲ್ಲಿ ಕೆಚ್ಚಲು ಹುಡುಕುವವರಂತೆ ಚನ್ನಮಲ್ಲಮ್ಮ ಮಗನನ್ನು ನೋಡಿದರು.

ಕೊನೆಗೆ ಮೇಷ್ಟ್ರೇ ತೀರ್ಪು ಕೊಟ್ಟರು. ಮೊದಲ ಬುಧವಾರ ಇಬ್ಬರೂ ಹೋಗುವುದು. ಅವರು ಉಪನ್ಯಾಸ ಮಾಡಿ ಪ್ರಾತ್ಯಕ್ಷಿಕೆ ತೋರಿಸುವುದು. ಹೆಂಗಸರಿಗೆ ಅರ್ಥವಾದರೆ ಉಳಿದ ಹನ್ನೊಂದನ್ನೂ ಅವರೊಬ್ಬರೇ ನಡೆಸುವುದು. “ನಿಂಗ್ಯಾಕೆ ಸುಮ್ನೆ ತೊಂದ್ರೆ?” ಎಂದರು. ಮೇಷ್ಟ್ರು ಆ ಒಂದು ದಿನ ಗೆದ್ದರೆ ತಮ್ಮ ಬುಧವಾರಗಳು ಹೋದವು ಎಂದು ನಾಗಶ್ರೀಗೆ ತಿಳಿಯಿತು.

ಆ ದಿನ ಅವರು ನಾಲ್ಕಕ್ಕೇ ಎದ್ದು ತಿಂಡಿ ಮಾಡಿ, ಸಾರು ಕುದಿಸಿ, ಹಿಟ್ಟು ತೊಳಸಿ ಹಾಟ್‌ಬಾಕ್ಸಿನಲ್ಲಿಟ್ಟು ಅತ್ತೆಯ ಕೈಗೆಟುಕುವಂತೆ ಮಂಚದ ಪಕ್ಕಕ್ಕೆ ಸರಿಸಿದರು. ಆಧಾರ್ ಕಾರ್ಡ್ ತೋರಿಸಿ ಬಸ್ಸಿನಲ್ಲಿ ಕೂತರು. ತೊಡೆಯ ಮೇಲೆ ಆರು ಕುಂಡಗಳ ಚೀಲವಿತ್ತು. ಟಿಕೆಟ್ ಕೊಂಡು ಪಕ್ಕದಲ್ಲಿ ಕೂತ ಮೇಷ್ಟ್ರ ಕೈಯಲ್ಲಿ ಭಾಷಣವಿತ್ತು.

ಸಂಘದ ಕಟ್ಟಡದಲ್ಲಿ ಇಪ್ಪತ್ತಮೂರು ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಒಂದೇ ಶಾಲು ತಂದಿದ್ದ ರಾಣಿ ಒಂದು ಕ್ಷಣ ತಬ್ಬಿಬ್ಬಾಗಿ, ಮೇಷ್ಟ್ರು ಆಗಲೇ ಕತ್ತು ಬಾಗಿಸಿದ್ದರಿಂದ ಅವರಿಗೇ ಹೊದಿಸಿದಳು. ಮೇಷ್ಟ್ರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಜಪಾನ್ ಬಂತು, ತಾಳ್ಮೆ ಬಂತು, ತ್ಯಾಗ ಬಂತು. ಬೆಳಗಿನ ಜಾವಕ್ಕೇ ಹಾಲು ಕರೆದು, ಡೇರಿಗೆ ಹಾಕಿ, ಅಡುಗೆ ಮುಗಿಸಿ ಬಂದಿದ್ದ ಹೆಂಗಸರಿಗೆ ತಾಳ್ಮೆ ಎಂದರೇನೆಂದು ಮೂರು ಉದಾಹರಣೆಗಳ ಸಮೇತ ತಿಳಿಸಿದರು. ಆಮೇಲೆ “ಈಗ ಪ್ರಾತ್ಯಕ್ಷಿಕೆ” ಎಂದು ಮೂರು ತಿಂಗಳ ಕಡ್ಡಿಯ ಕುಂಡವನ್ನು ಎತ್ತಿಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. ಎಂಟು ವರ್ಷದಲ್ಲಿ ಅವರು ಬೋರಲು ಹಾಕಿದ ಮೊದಲ ಕುಂಡ ಅದು.

ಮಣ್ಣು ಉದುರಿತು. ಹೆಂಚಿನ ಚೂರನ್ನು ತಬ್ಬಿ ಹಿಡಿದ ಬೇರುಗಳು ಕಂಡವು. ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮೇಷ್ಟ್ರ ಮುಖ ಹುಳ್ಳಗಾಯಿತು.

“ನೋಡಿ, ಇದೇ ನಾನು ಹೇಳೋ ಅಜಾಗರೂಕತೆ. ನಮ್ಮ ಮನೆಯವರು ಗುಡಿಸಿದ ಕಸವನ್ನೆಲ್ಲ ಕುಂಡಕ್ಕೆ ಹಾಕ್ಬಿಡ್ತಾರೆ. ಸಾಧಕನಾದವನು ಮೊದಲು ಇಂಥದ್ದನ್ನ ತೆಗೀಬೇಕು.”

ಅವರ ಕೈ ತಂತಿ ಕತ್ತರಿಸುವ ಕತ್ತರಿಗೆ ಹೋದದ್ದನ್ನು ನಾಗಶ್ರೀ ನೋಡಿದರು. ‘ರೀ’ ಎಂಬ ಒಂದಕ್ಷರ ನಾಲಗೆಯ ತುದಿಗೆ ಬಂದಿತ್ತು. ಮೂವತ್ತೈದು ವರ್ಷ ಅವರು ಮಾಡಿದ್ದು ಅದನ್ನೇ. ನೆಂಟರ ಹೆಸರು ತಪ್ಪುವ ಮೊದಲೇ ಕಿವಿಯಲ್ಲಿ ಹೇಳುವುದು, ಮೇಷ್ಟ್ರು ಮರೆತ ಕನ್ನಡಕವನ್ನು ಮರೆತರೆಂದು ಯಾರಿಗೂ ಕಾಣದ ಹಾಗೆ ಚೀಲಕ್ಕೆ ಹಾಕುವುದು, ಲೋಟ ಮೇಜಿನಂಚಿಗೆ ಬಂದಾಗ ಕೈ ಒಡ್ಡುವುದು. ಅಡುಗೆ, ಕಸ, ಮುಸುರೆಯ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿಲ್ಲ. ಈ ಸಲ ನಾಗಶ್ರೀ ಬಾಯಿ ಮುಚ್ಚಿಕೊಂಡು ಕೂತರು.

ಮೇಷ್ಟ್ರು ತಂತಿ ಕತ್ತರಿಸಿ ಹೆಂಚನ್ನು ಜಗ್ಗಿದರು. ಚರ್ರೆಂದಿತು. ಬೇರುಗಳೆಲ್ಲ ಹೆಂಚಿನ ಜೊತೆ ಹೋದವು. ಅವರ ಎಡಗೈಯಲ್ಲಿ ಉಳಿದದ್ದು ರಸ್ತೆ ಬದಿಯಿಂದ ತಂದಾಗ ಹೇಗಿತ್ತೋ ಹಾಗಿದ್ದ ಬರೀ ಕಡ್ಡಿ.

ಹಿಂದಿನ ಸಾಲಿನಿಂದ ಅರವತ್ತು ದಾಟಿದ ಪುಟ್ಟಬಸಮ್ಮ ಎದ್ದುನಿಂತರು. “ಅಲ್ಲಾ ಮೇಷ್ಟ್ರೇ, ಹೆಂಚ ಕಿತ್ತಾಕ್ಬುಟ್ರಲ್ಲ, ಇನ್ನು ಬೇರು ಅಡ್ಡಡ್ಡಕ್ಕೆ ಹೆಂಗೋದದು? ಹೆಂಚೇ ಗುಟ್ಟು ಅಂತ ಆವತ್ತೇ ಅಕ್ಕ ನಮ್ ರಾಣಿಗೆ ಯೋಳಿರ್ನಿಲ್ವಾ?”

ಸೆರಗಿನ ಮರೆಯಲ್ಲಿ ಕಿಸಕ್ಕೆಂದದ್ದು ಜಮಖಾನದ ತುಂಬ ಹರಡಿತು.

“ಸುಮ್ಕಿರಿ ಪುಟ್ಟಬಸಮ್ಮಾರೇ,” ಎಂದಳು ರಾಣಿ. “ಹೆಂಗ್ ಮಾಡ್ಬಾರ್ದು ಅನ್ನದ ತೋರ್ಸುದ್ರು ಸಾ.”

“ಹೌದು, ಹೌದು!” ಮೇಷ್ಟ್ರು ಸಿಕ್ಕ ಹಗ್ಗ ಹಿಡಿದರು. “ಹೇಗೆ ಮಾಡಬಾರದು ಅಂತ.”

“ಮಾಡ್ಬಾರ್ದುದ್ದು ಇವತ್ತಿಗೆ ಮುಗೀತು ಸಾ, ಚೆಂದಾಗಿ ತಿಳೀತು. ಮಾಡದು ಇನ್ನ ಅನ್ನೊಂದು ವಾರ ಅದೆ. ಅದುನ್ನ ಅಕ್ಕ ಯೋಳ್ಕೊಡ್ಲಿ. ನೀವು ಅಷ್ಟು ದೂರದಿಂದ ಯಾಕೆ ತ್ರಾಸ ತಕತೀರಿ?” ಎಂದು ರಾಣಿ ಇನ್ನೊಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದಳು. “ಬನ್ನಿ ನಾಗಶ್ರೀಯಕ್ಕ, ಕೂತ್ಕಳಿ.”

ನಾಗಶ್ರೀ ಐದು ನಿಮಿಷ ಕೂತರು. ಆಮೇಲೆ ಕಡ್ಡಿ ಹಿಡಿಯಲು ಕೂತರೆ ಆಗದೆಂದು ಎದ್ದರು. ನಾಲ್ಕು ಗಂಟೆಯ ಹೊತ್ತಿಗೆ ಹೆಂಗಸರು ತಂದಿದ್ದ ಇಪ್ಪತ್ತಮೂರು ಕಡ್ಡಿಗಳು ಇಪ್ಪತ್ತಮೂರು ಹೆಂಚಿನ ಚೂರುಗಳ ಮೇಲೆ ನಿಂತಿದ್ದವು.

ವಾಪಸು ಬರುವಾಗ ಮೇಷ್ಟ್ರು ಕಾಮಗೆರೆ ದಾಟುವವರೆಗೂ ಶಾಲನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದರು. ಆಮೇಲೆ, “ಹೆಂಚು ಇದೆ ಅಂತ ಮೊದಲೇ ಹೇಳಕ್ಕಾಗ್ತಿರ್ಲಿಲ್ವ ನಿಂಗೆ?” ಎಂದರು.

“ಎಂಟು ವರ್ಸದಿಂದ ಕುಂಡದೊಳ್ಗೇ ಇತ್ತಲ್ಲ ರೀ.”

ಮಾರನೆಯ ದಿನದಿಂದ ಮೇಷ್ಟ್ರು ಸ್ನೇಹಿತರಿಗೆಲ್ಲ ಹೇಳತೊಡಗಿದರು: “ಥಿಯರಿ ನಾನು ಮುಗಿಸಿಕೊಟ್ಟೆ. ಪ್ರಾಕ್ಟಿಕಲ್‌ಗೆ ಮನೆಯವರನ್ನ ಕಳಿಸ್ತಿದ್ದೀನಿ.” ಕಳಿಸುವುದೆಂದರೆ ನಾಗಶ್ರೀ ಚಪ್ಪಲಿ ಮೆಟ್ಟಿಕೊಳ್ಳುವಾಗ ಪೇಪರ್ ಓದುತ್ತ ಕೂತಿರುವುದು.

ಎರಡನೆಯ ಬುಧವಾರ ತಾರಸಿಯ ಗಿಡಗಳಿಗೆ ನೀರು ಹಾಕುವ ಸರದಿ ಮೇಷ್ಟ್ರಿಗೆ ಬಂತು. ತಾರಸಿಯಲ್ಲಿ ನಲ್ಲಿ ಇರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು, ಹದಿನಾಲ್ಕು ಬಕೆಟ್ಟು. ಆರನೆಯ ಬಕೆಟ್ಟಿಗೆ ಮೇಷ್ಟ್ರು ಮೆಟ್ಟಿಲ ಮೇಲೆಯೇ ಕೂತು ಪ್ಲಂಬರಿಗೆ ಫೋನ್ ಮಾಡಿದರು. ಪೈಪು ಎಳೆದರೆ ಮನೆಯ ಮುಂಭಾಗದ ಅಂದ ಕೆಡುತ್ತದೆ ಎಂದು ಎಂಟು ವರ್ಷ ಹೆಂಡತಿಗೆ ಹೇಳಿದ್ದವರಿಗೆ ಮೂರನೆಯ ಬುಧವಾರ ಪೈಪು ಚೆನ್ನಾಗಿಯೇ ಕಂಡಿತು. ಆಧುನಿಕ ನೀರಾವರಿ ವ್ಯವಸ್ಥೆಯೊಂದನ್ನು ನಾನೇ ವಿನ್ಯಾಸ ಮಾಡಿದ್ದೇನೆ ಎಂದು ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು.

ಹಿಟ್ಟು ತೊಳಸುವುದಕ್ಕೆ ಪ್ಲಂಬರ್ ಸಿಗಲಿಲ್ಲ. ಮೇಷ್ಟ್ರೇ ಕೋಲು ಹಿಡಿದರು. ಮೊದಲ ಸಲದ ಹಿಟ್ಟನ್ನು ಚನ್ನಮಲ್ಲಮ್ಮ ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಸೊಸೆ ಬರುವವರೆಗೂ ಹಾಗೇ ತೆಗೆದಿಟ್ಟಿದ್ದರು.

“ನೋಡಮ್ಮಿ, ಬರೀ ಗಂಟು. ನಿನ್ ಕಡ್ಡಿ ಅಡೀಕೆ ಮಡಿಕ್ಕೊ, ಹೆಂಚು ಉಳೀತದೆ.”

ಹನ್ನೆರಡನೆಯ ಬುಧವಾರ ಮುಗಿದ ಸಂಜೆ ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು. “ಅಂತೂ ಮುಗೀತಲ್ಲ. ಇನ್ನು ಮನೇಲೇ ತಾನೇ?”

“ಬೇರು ಬಾಚದು ಕಲೀಬೇಕು, ಬುಧವಾರ ಬಿಡಕ್ಕಿಲ್ಲ ಅಂದ್ರು ಶಾಗ್ಯದೋರು,” ಎಂದು ನಾಗಶ್ರೀ ಕೈಚೀಲವನ್ನು ಗೂಟಕ್ಕೆ ನೇತುಹಾಕಿದರು. “ಯಳಂದೂರಿನ ಸಂಘದೋರೂ ಕರ್ದವ್ರೆ. ಶುಕ್ರವಾರ.”

“ಶುಕ್ರವಾರ ನನ್ನ ಭಾಷಣ ಇದೆ ಕಣೇ, ಹನೂರಿನ ಶಾಲೇಲಿ. ಹತ್ತು ಗಂಟೆಗೆ.”

“ಹಂಗಾದ್ರೆ ಬೇಗ ಎದ್ದು ಹಿಟ್ಟು ತೊಳ್ಸಿಟ್ಟು ಹೋಗಿ.”

ಮೇಷ್ಟ್ರು ತಾಯಿಯ ಕಡೆ ನೋಡಿದರು. ಚನ್ನಮಲ್ಲಮ್ಮ ಗೋಡೆಯ ಕಡೆ ಮಗ್ಗುಲಾಗಿ ಹೇಳಿದರು:

“ಗಂಟಿಲ್ದಂಗೆ ಕಣಪ್ಪ.”